ಚಟ್ನಿ ಡಬ್ಬಿಯಲ್ಲಿದ್ದ ತಾಳಿ

ವೈದ್ಯನಾಥಪುರದ ನಮ್ಮ ರತ್ನಕ್ಕನಿಗೆ, ನಿನ್ನ ಜೊತೆ ಕಲ್ಲು ಪುಡಿ ಮಾಡುತ್ತಿದ್ದ ಭಾಗ್ಯ ಬರೆಯುವುದು.

ಕ್ಷೇಮ ಸಮಾಚಾರ ಆಮೇಲೆ, ಮೊದಲು ಕನಸು ಹೇಳಿಬಿಡುತ್ತೇನೆ. ಭಾನುವಾರ ಮಧ್ಯಾಹ್ನ ಉಂಡು ಒಂದು ಗಳಿಗೆ ಗೋಡೆಗೆ ಒರಗಿದ್ದೆ. ಕನಸಿನಲ್ಲಿ ನಮ್ಮ ಲ್ಯಾಬಿನ ಕುಲುಮೆ ಕೋಣೆ. ನೀನು ಉದ್ದನೆಯ ಇಕ್ಕಳದಲ್ಲಿ ಕೆಂಡದಂಥ ಮೂಸೆ ಹಿಡಿದು, ಒಳಗಿನ ಕರಗಿದ್ದನ್ನು ಕಬ್ಬಿಣದ ಅಚ್ಚಿಗೆ ಸುರಿಯುತ್ತಿದ್ದೀಯ. ನಾವಿಬ್ಬರೂ ಆ ಕೋಣೆಗೆ ಯಾವತ್ತಾದರೂ ಕಾಲಿಟ್ಟಿದ್ದೇವಾ? ಪುಡಿ ಕೋಣೆಯವರು ಆ ಬಾಗಿಲು ದಾಟುವಂತೆಯೇ ಇರಲಿಲ್ಲ. ಆದರೂ ನೀನು ದಿನಾ ಮಾಡುವ ಕೆಲಸದ ಹಾಗೆ ಅಚ್ಚನ್ನು ಬೋರಲು ಹಾಕಿ ಕುಟ್ಟಿದೆ. ಕಲ್ಲಿನ ಬಂಗಾರ ಹೀರಿಕೊಂಡ ಸೀಸದ ಬಿಲ್ಲೆ ಬೀಳಬೇಕಿತ್ತು. ನಿನ್ನ ತಾಳಿ ಬಿತ್ತು. ದಾರ, ಕರಿಮಣಿ ಎಲ್ಲ ಇದ್ದ ಹಾಗೇ. "ಇಡ್ಕಳಮ್ಮಿ, ಸುಡಾಕಿಲ್ಲ" ಅಂದೆ. ನಾನು ಕೈ ಚಾಚಿದೆ. ಎಚ್ಚರವಾದಾಗ ಕೈ ಮುಷ್ಟಿ ಕಟ್ಟಿತ್ತು. ಮುಷ್ಟಿ ಬಿಚ್ಚಿ ಮೊದಲು ಮುಟ್ಟಿ ನೋಡಿಕೊಂಡಿದ್ದು ಮೂಗನ್ನು. ಯಾಕೆ ಅಂತ ನಿನಗೆ ಹೇಳಬೇಕಾಗಿಲ್ಲ.

ನಾನು ಕೆಲಸಕ್ಕೆ ಸೇರಿದ ದಿನ ನೆನಪಿದೆಯಾ? ಮಳವಳ್ಳಿ ಬಸ್ಸಿನಿಂದ ಮದ್ದೂರಲ್ಲಿ ಇಳಿದು, ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನ ಮುಂದೆ ನಿಂತು, ಒಳಗೆ ಹೋಗಲೋ ವಾಪಸ್ ಬಸ್ಸು ಹತ್ತಲೋ ಅಂತ ಒದ್ದಾಡುತ್ತಿದ್ದೆ. ನನ್ನ ಓದು ನಿನಗೆ ಗೊತ್ತಲ್ಲ. ಬೆಳಕವಾಡಿಯ ಶಾಲೆಯಲ್ಲಿ ಎಂಟನೇ ಕ್ಲಾಸಿಗೆ ಒಮ್ಮೆ ನಿಂತಿತು, ಅವ್ವನ ಕಾಯಿಲೆ ವಾಸಿಯಾದ ಮೇಲೆ ಮತ್ತೆ ಶುರುವಾಯಿತು, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಪೂರ್ತಿ ನಿಂತಿತು. ಗಣಿ ಕಲ್ಲಿನ ಲ್ಯಾಬು ಅಂದರೆ ಬಿಳಿ ಕೋಟು, ಗಾಜಿನ ಕೊಳವೆ, ಇಂಗ್ಲಿಷು ಅಂತ ಹೆದರಿಕೊಂಡಿದ್ದೆ. ಒಳಗೆ ನೋಡಿದರೆ ನೀನು. ತಲೆಗೆ ಟವೆಲು ಸುತ್ತಿ, ಮೂಗಿನ ಮೇಲೆ ಮಾಸ್ಕು ಏರಿಸಿ, ಕಲ್ಲಿನ ಚೂರು ತುಂಬಿದ ತಟ್ಟೆಗಳನ್ನು ಬೀರುವಿನಂಥ ಒಲೆಯೊಳಗೆ ಜೋಡಿಸುತ್ತಿದ್ದೆ. ಹಪ್ಪಳ ಒಣಗಿಸುವ ಹಾಗಿದೆಯಲ್ಲಕ್ಕ ಅಂದೆ. "ಅಪ್ಪಳ ಆಗಿದ್ರೆ ನಾವು ತಿನ್ಬೋದಿತ್ತು. ಇದ್ನ ತಿನ್ನೋನು ಅಲ್ಲಿ ಅವ್ನೆ ನೋಡು" ಅಂತ ಮೂಲೆಯ ಯಂತ್ರ ತೋರಿಸಿದೆ. ಎರಡು ದಪ್ಪ ಕಬ್ಬಿಣದ ಹಲಗೆ, ಒಂದು ನಿಂತೇ ಇರುತ್ತದೆ, ಇನ್ನೊಂದು ಬಂದು ಬಂದು ಕಚ್ಚುತ್ತದೆ. ಎಲ್ಲರೂ ಅದಕ್ಕೆ ದವಡೆ ಅನ್ನುತ್ತಿದ್ದರು. ನೀನಂತೂ ಅದನ್ನು ಗಂಡಸಿನ ಹಾಗೆ, ಅವನು ಇವನು ಅಂತಲೇ ಕರೆಯುತ್ತಿದ್ದೆ.

ಅವತ್ತೇ ಅಲ್ಲವಾ ನೀನು ನನ್ನನ್ನು ಬಾಗಿಲಲ್ಲೇ ತಡೆದಿದ್ದು? ಬಂಗಾರ ತೊಟ್ಟು ಒಳಗೆ ಬರಬಾರದು ಅಂತ ಬಾಗಿಲ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಬರೆದಿತ್ತು. ಓದಿದ್ದೆ, ಕಳ್ಳತನದ ಭಯಕ್ಕೆ ಬರೆದಿದ್ದಾರೆ ಅಂದುಕೊಂಡಿದ್ದೆ. ನೀನು ತಿಳಿಸಿ ಹೇಳಿದೆ. ಎಲ್ಲೆಲ್ಲೋ ಭೂಮಿ ಕೊರೆದು, ಬಂಗಾರ ಇದೆಯೋ ಇಲ್ಲವೋ ಅಂತ ನೋಡಲು ಕಲ್ಲು ಕಳಿಸುತ್ತಾರೆ. ಒಂದು ಮೂಟೆ ಕಲ್ಲಿನಲ್ಲಿ ಇದ್ದರೂ ಕಣ್ಣಿಗೆ ಕಾಣದಷ್ಟು. ನಮ್ಮ ಬಳೆ ಒಂದು ಸಲ ಜರಡಿಯ ಅಂಚಿಗೆ ಉಜ್ಜಿದರೆ ಸಾಕು, ಇಲ್ಲದ ಕಡೆ ಇದೆ ಅಂತ ಬಂದುಬಿಡುತ್ತದೆ. ನಾನು ಬಳೆ, ಓಲೆ ಎಲ್ಲ ಬಿಚ್ಚಿದೆ. ತಾಳಿಗೆ ಬಂದಾಗ ಕೈ ನಿಂತುಹೋಯಿತು. ಬದುಕಿರುವ ಗಂಡನ ತಾಳಿ ಯಾರಾದರೂ ಬಿಚ್ಚುತ್ತಾರಾ? ನೀನು ನಗಲಿಲ್ಲ, ಬೈಯಲಿಲ್ಲ. ಸೀರೆ ಸೆರಗು ಸರಿಸಿ ನಿನ್ನ ಕೊರಳು ತೋರಿಸಿದೆ. ಅಲ್ಲಿ ಅರಿಶಿನದ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬು ಇತ್ತು. "ತಾಳಿ ಮುರಿದು ಮಾಡ್ಸಕೆ ಕೊಟ್ಟಾಗ ನಮ್ಮತ್ತೆ ಇದ್ನೇ ಕಟ್ಕತಿದ್ರು. ಅರಿಸ್ನದ ಕೊಂಬು ಕೊರಳಲ್ಲಿದ್ರೆ ತಾಳಿ ಇದ್ದಂಗೇ ಕಣಮ್ಮಿ. ಕಟ್ಕೊ, ಆಮೇಲೆ ಅದ್ನ ಬಿಚ್ಚು" ಅಂದೆ. ನಿನ್ನ ಕೈಯಾರೆ ನನಗೊಂದು ಕಟ್ಟಿದೆ. ಕೊಂಬು ಕಟ್ಟುವವರೆಗೂ ತಾಳಿ ಬಿಚ್ಚಲು ಬಿಡಲಿಲ್ಲ. ಒಂದು ಉಸಿರಿನಷ್ಟು ಹೊತ್ತೂ ಕೊರಳು ಬರಿದಾಗಬಾರದು ಅಂತ.

ಬಿಚ್ಚಿದ್ದನ್ನು ಎಲ್ಲಿಡುವುದು ಅನ್ನುವುದಕ್ಕೆ ನಾವು ಪಟ್ಟ ಪಾಡು ನೆನೆದರೆ ಈಗಲೂ... ಮೊಳೆಗೆ ತೂಗು ಹಾಕಿದರೆ ಗೋಡೆಗೆ ತಾಳಿ ಕಟ್ಟಿದ ಹಾಗೆ ಅಂತ ನೀನು ಬೇಡ ಅಂದೆ. ಬೀಗದ ಪೆಟ್ಟಿಗೆಯಲ್ಲಿ ಚಪ್ಪಲಿ ಇರುತ್ತದೆ ಅಂತ ನಾನು ಬೇಡ ಅಂದೆ. ಕೊನೆಗೆ ಅನ್ನದ ಜೊತೆ ಇದ್ದರೆ ಮೈಲಿಗೆ ಇಲ್ಲ ಅಂತ ನೀನೇ ದಾರಿ ಕಂಡುಹಿಡಿದೆ. ನನ್ನ ಮೂರು ಅಂತಸ್ತಿನ ಕ್ಯಾರಿಯರಿನ ಮೇಲಿನ ಪುಟ್ಟ ಚಟ್ನಿ ಡಬ್ಬಿ, ಅದರಲ್ಲಿ ಇಬ್ಬರ ತಾಳಿಯೂ. ನಾನು ಚಟ್ನಿ ತರುವುದನ್ನೇ ಬಿಟ್ಟೆ. ಎಷ್ಟು ತೊಳೆದರೂ ಬೆಳ್ಳುಳ್ಳಿ ವಾಸನೆ ಹೋಗಲಿಲ್ಲ. ಸಂಜೆ ತಾಳಿ ಹಾಕಿಕೊಂಡು ಮನೆಗೆ ಹೋದರೆ ಶಿವಣ್ಣ ಭಾವ ಏನಂದರು ಅಂತ ನೀನು ಹೇಳಿದಾಗ ಇಬ್ಬರೂ ನಕ್ಕು ನಕ್ಕು ಒಲೆಯ ತಟ್ಟೆ ಬೀಳಿಸಿದ್ದೆವು. ನಾನು ಕಟ್ಟಿದ ತಾಳಿಗೆ ಯಾರು ಒಗ್ಗರಣೆ ಹಾಕಿದ್ದು ಅಂತ ಕೇಳಿದ್ದರಂತೆ.

ನನ್ನ ಬಂಗಾರದ ಮೂಗುಬೊಟ್ಟು ಮಾತ್ರ ಬರಲೇ ಇಲ್ಲ. ಮದುವೆಯಲ್ಲಿ ತಿರುಪಿದ್ದು, ತುಕ್ಕು ಹಿಡಿದ ಬೀಗದ ಹಾಗೆ ಕೂತಿತ್ತು. ಎಣ್ಣೆ ಬಿಟ್ಟು ತಿರುಗಿಸಿ ನೋಡಿದೆ, ರಕ್ತ ಬಂತೇ ಹೊರತು ಅದು ಬರಲಿಲ್ಲ. ಕೆಲಸ ಹೋಯಿತು ಅಂತ ಅಳುತ್ತಾ ನಿಂತೆ. ಪರೀಕ್ಷೆ ಮಾಡುವ ಮೇಡಮ್ಮು ಬಂದು ನೋಡಿ, ಗಾಯಕ್ಕೆ ಅಂಟಿಸುವ ಪಟ್ಟಿಯನ್ನು ಅದರ ಮೇಲೆ ಅಂಟಿಸಿ, ಮೇಲೆ ಮಾಸ್ಕು ಹಾಕಿಕೋ, ಸಾಕು ಅಂದರು. ಅಂದಿನಿಂದ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಮ್ಮ ಶಾಸ್ತ್ರ. ನಾನು ನಿನ್ನ ಕಿವಿ, ಕೈ, ಕೊರಳು ನೋಡುವುದು, ನೀನು ನನ್ನದು. ಕೊನೆಗೆ ಹೆಬ್ಬೆಟ್ಟಿನಿಂದ ನನ್ನ ಮೂಗಿನ ಪಟ್ಟಿಯನ್ನು ಒತ್ತಿ, "ಓಗು, ಪಾಸಾದೆ" ಅನ್ನುತ್ತಿದ್ದೆ. ಜೀವನದಲ್ಲಿ ನಾನು ದಿನಾ ಪಾಸಾದ ಪರೀಕ್ಷೆ ಅದೊಂದೇ.

ನನ್ನ ಅನುಮಾನದ ಬುದ್ಧಿಯನ್ನು ನೀನು ಆಡಿಕೊಳ್ಳುತ್ತಿದ್ದದ್ದು ಎಷ್ಟು ಸಲ! ಒಂದು ಚೀಲದ ಕಲ್ಲು ಅರೆದ ಮೇಲೆ ಗಾಳಿ ಪೈಪಿನಿಂದ ದವಡೆ ಊದಿ, ತಂತಿ ಬ್ರಷ್ಷಿನಿಂದ ತಿಕ್ಕಿ, ಏನೂ ಇಲ್ಲದ ಬಿಳಿ ಬೆಣಚುಕಲ್ಲು ಹಾಕಿ ಒಂದು ಸಲ ಅರೆಯಬೇಕು. ಹಿಂದಿನ ಕಲ್ಲಿನ ಎಂಜಲು ಹೋಗಲಿ ಅಂತ. ನಾನು ಎರಡು ಸಲ ಬೆಣಚುಕಲ್ಲು ಹಾಕುತ್ತಿದ್ದೆ. ಆಮೇಲೆ ಜರಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಪುಡಿ ತುಂಬಿದ ಪೊಟ್ಟಣದ ಚೀಟಿ, ಚೀಲದ ಚೀಟಿ ಎರಡೂ ಒಂದೇ ತಾನೇ ಅಂತ ನಿನ್ನನ್ನು ಕರೆದು ತೋರಿಸುತ್ತಿದ್ದೆ. "ನೀನು ಸತ್ತಾಗ ಉಸ್ರು ನಿಂತದಾ ಅಂತ ನೀನೇ ಎದ್ದು ನೋಡ್ಕತೀಯ ಕಣೆ" ಅಂದಿದ್ದೆ. ಹಾಗಂದವಳು ನೀನೇ ಮೊದಲು...

ಆ ಮಧ್ಯಾಹ್ನ ನೀನು ಜರಡಿ ಅಲ್ಲಾಡಿಸುವ ಯಂತ್ರದ ಪಕ್ಕ ಸುಮ್ಮನೆ ಕೂತೆ. ಆಯುಧಪೂಜೆ ಮುಗಿದು ಬಾಗಿಲಿಗೆ ಕಟ್ಟಿದ್ದ ಬಾಳೆಕಂದು ಇನ್ನೂ ಪೂರ್ತಿ ಒಣಗಿರಲಿಲ್ಲ. ಎದೆ ಹಿಡಿದ ಹಾಗಿದೆ, ನೀರು ಕೊಡು ಅಂದೆ. ನೀರು ತರುವಷ್ಟರಲ್ಲಿ ನಿನ್ನ ತುಟಿಯ ಬಣ್ಣ ಹೋಗಿತ್ತು. ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಮದ್ದೂರಿನ ಆಸ್ಪತ್ರೆಗೆ ಓಡಿದೆವು. ನಾನು ಒಂದು ಕೈಯಲ್ಲಿ ನಿನ್ನ ತಲೆ, ಇನ್ನೊಂದು ಕೈಯಲ್ಲಿ ಕ್ಯಾರಿಯರು ಹಿಡಿದಿದ್ದೆ. ಯಾಕೆ ಹಿಡಿದೆ ಅಂತ ನನಗೇ ತಿಳಿಯದು. ಸಾಯುವವಳ ಪಕ್ಕ ಊಟದ ಡಬ್ಬಿ ಹಿಡಿದು ಕೂತಿದ್ದಾಳಲ್ಲ ಅಂತ ಆಟೋದವನು ತಿರುಗಿ ತಿರುಗಿ ನೋಡಿದ. ಡಾಕ್ಟರು ಮುಟ್ಟಿ ನೋಡಿ ತಲೆ ಅಲ್ಲಾಡಿಸಿದಾಗಲೂ ನಾನು ಅದನ್ನು ಕೆಳಗಿಡಲಿಲ್ಲ.

ನಿನ್ನ ಮನೆಯ ಅಂಗಳದಲ್ಲಿ ನಿನಗೆ ಕೊನೆಯ ಸ್ನಾನ ಮಾಡಿಸುವಾಗ ಆದದ್ದು ನಿನಗೆ ಯಾರೂ ಹೇಳಿರಲಾರರು. ಮುತ್ತೈದೆ ಸಾವು ಅಂತ ಹೂವು, ಬಳೆ, ಅರಿಶಿನ ಎಲ್ಲ ತಂದಿದ್ದರು. ನಿನ್ನ ಅತ್ತೆ ಕೊರಳಿಗೆ ಕೈ ಹಾಕಿದವರು ಹಾಗೇ ನಿಂತರು. ಅರಿಶಿನದ ಕೊಂಬು ಮಾತ್ರ ಇದೆ. "ತಾಳಿ ಎಲ್ಲವ್ವಾ?" ಅಂದರು. ನೀರು ಹೊಯ್ಯುತ್ತಿದ್ದ ಹೆಂಗಸರೆಲ್ಲ ಶಿವಣ್ಣ ಭಾವನ ಕಡೆ ತಿರುಗಿದರು. ಅಡ ಇಟ್ಟನೋ, ಮಾರಿದನೋ ಅಂತ ಎಲ್ಲರ ಕಣ್ಣಲ್ಲೂ ಬರೆದಿತ್ತು. ಆ ಮನುಷ್ಯ ಮೊದಲೇ ಅರ್ಧ ಸತ್ತಿದ್ದರು, ಏನು ಹೇಳಿಯಾರು? ನಾನು ಮುಂದೆ ಹೋಗಿ, ಕ್ಯಾರಿಯರು ಬಿಚ್ಚಿ, ಚಟ್ನಿ ಡಬ್ಬಿಯ ಮುಚ್ಚಳ ತೆಗೆದೆ. ನಿನ್ನ ಮಗಳು ಪಲ್ಲವಿ ಬಂದು ನಿನ್ನ ತಾಳಿಯನ್ನು ಎತ್ತಿಕೊಂಡು, ಮೂಸಿ ನೋಡಿ, ಅಲ್ಲಿಯವರೆಗೂ ಅಳದವಳು ಕುಸಿದು ಕೂತು ಅತ್ತಳು. ಆ ವಾಸನೆ ಅವಳಿಗೆ ಗೊತ್ತಿತ್ತಲ್ಲಕ್ಕ.

ನಿನ್ನ ತಿಥಿಗೆ ಲ್ಯಾಬಿನ ಮಾಲೀಕರು ಬಂದಿದ್ದರು. ಹಾರ ತಂದಿದ್ದರು. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ಪಲ್ಲವಿಯನ್ನು ನೋಡಿ, ಅವ್ವನ ಜಾಗ ನಿನಗೇ ಕಣಮ್ಮ, ಮನಸ್ಸು ಸ್ವಲ್ಪ ಗಟ್ಟಿಯಾದ ಮೇಲೆ ಬಾ ಅಂದರು. ಭಾವ ಕೈಮುಗಿದರು. ನನಗೂ ಒಂದು ಧೈರ್ಯ ಬಂತು. ನೀನಿಲ್ಲದ ಬಾಗಿಲಲ್ಲಿ ನನ್ನ ಮೂಗು ಒತ್ತಿ ಪಾಸು ಮಾಡಲು ನಿನ್ನ ಮಗಳಾದರೂ ಬರುತ್ತಾಳಲ್ಲ ಅಂತ.

ಅದಾದ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ, ಮಾಲೀಕರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದರು. ಮುಖ ಕಪ್ಪಿಟ್ಟಿತ್ತು. ಆಯುಧಪೂಜೆಯ ಮಾರನೇ ದಿನ ನಾವು ಪುಡಿ ಮಾಡಿದ ಚೀಲಗಳಿದ್ದವಲ್ಲ, ಅವುಗಳಲ್ಲಿ ಬಂಗಾರ ಇದೆ ಅಂತ ನಮ್ಮ ಲ್ಯಾಬಿನ ಲೆಕ್ಕ ಹೋಗಿತ್ತಂತೆ. ಕಲ್ಲು ಕಳಿಸಿದವರು ಕುಣಿದಾಡಿ, ಆಮೇಲೆ ಅದೇ ಕಲ್ಲಿನ ಇನ್ನೊಂದು ಪಾಲನ್ನು ಬೇರೆ ಕಡೆ ನೋಡಿಸಿದರೆ ಏನೂ ಇಲ್ಲವಂತೆ. ಬಂಗಾರ ನಮ್ಮ ಪುಡಿ ಕೋಣೆಯಲ್ಲೇ ಸೇರಿದೆ ಅಂದರು. ಆ ದಿನ ಕೋಣೆಯಲ್ಲಿ ಇದ್ದದ್ದು ನೀನು ಮತ್ತು ನಾನು, ಇಬ್ಬರೇ. ಅವರು ನನ್ನ ಕಡೆ ನೋಡುತ್ತಾರೆ ಅಂತ ನಾನು ಕಾಯುತ್ತಿದ್ದೆ. ಅವರು ನೋಡಿದ್ದು ನೆಲವನ್ನು. "ಎಷ್ಟು ಹೇಳಿದ್ರೂ ತಾಳಿ ತೆಗೀತಾರಾ ಹೆಣ್ಮಕ್ಳು? ರತ್ನಮ್ಮಂದೇ ಆಗಿರ್ಬೇಕು. ಪಾಪ, ಹೋದ್ಲು. ಈಗ ಬೈದೇನು ಬಂತು" ಅಂದರು. ಎಲ್ಲರೂ ಪಾಪ ಅಂದರು. ಅಕ್ಕ, ಅವರೆಲ್ಲ ಎಷ್ಟು ಸುಲಭವಾಗಿ ಪಾಪ ಅಂದುಬಿಟ್ಟರು!

ಅವರ ಹಿಂದೆಯೇ ಆಫೀಸಿಗೆ ಹೋದೆ. ಸಾರ್, ರತ್ನಕ್ಕ ಒಂದು ದಿನವೂ ತಾಳಿ ತೊಟ್ಟು ಒಳಗೆ ಬಂದವಳಲ್ಲ, ಸತ್ತಾಗಲೂ ಕೊರಳಲ್ಲಿ ಅರಿಶಿನದ ಕೊಂಬೇ ಇತ್ತು, ತಾಳಿ ನನ್ನ ಚಟ್ನಿ ಡಬ್ಬಿಯಲ್ಲಿತ್ತು, ಸ್ನಾನ ಮಾಡಿಸಿದ ಹೆಂಗಸರನ್ನೇ ಕರೆತರುತ್ತೇನೆ ಅಂದೆ. ಚಟ್ನಿ ಡಬ್ಬಿ ಅಂದಾಗ ಅವರಿಗೆ ನಗು ಬಂತು. ನಾನು ನಿನ್ನ ಗೆಳತಿ, ನಿನ್ನ ಪರವಾಗಿ ಹೇಳದೆ ಇರುತ್ತೇನಾ ಅಂದರು. ತೀರಿಕೊಂಡ ಕೆಲಸದವಳ ಒಡವೆಯಿಂದ ಆದ ತಪ್ಪು ಅಂತ ಕಲ್ಲು ಕಳಿಸಿದ ಪಾರ್ಟಿಗೆ ಆಗಲೇ ಬರೆದು ಕಳಿಸಿದ್ದಾರಂತೆ. ಆಮೇಲೆ ಒಂದು ಮಾತು ಅಂದರು ನೋಡು. "ಸತ್ತೋರಿಗೆ ಏನಮ್ಮಾ ನಷ್ಟ?" ಹಾಗಾದರೆ ಪಲ್ಲವಿ ಅಂತ ಬಾಯಿ ತೆಗೆದೆ. ಅದೇ ಮನೆಯವರನ್ನು ಮತ್ತೆ ಆ ಕೋಣೆಗೆ ಬಿಟ್ಟರೆ ಪಾರ್ಟಿಯವರು ಏನಂದಾರು, ಆಗುವುದಿಲ್ಲ ಅಂದರು. ಸತ್ತವರಿಗೆ ನಷ್ಟ ಇಲ್ಲವಂತೆ, ಅಕ್ಕ. ನಿನ್ನ ಹೆಸರು ಹೋಯಿತು, ನಿನ್ನ ಮಗಳ ಅನ್ನ ಹೋಯಿತು. ಇನ್ನೇನು ಉಳಿದಿತ್ತು ನಷ್ಟ ಆಗುವುದಕ್ಕೆ?

ಮದ್ದೂರು ಬಸ್ ನಿಲ್ದಾಣದಲ್ಲಿ ಪಲ್ಲವಿ ನನಗಾಗಿ ಕಾದು ನಿಂತಿದ್ದಳು. ಸುದ್ದಿ ನನಗಿಂತ ಮುಂಚೆ ವೈದ್ಯನಾಥಪುರ ಮುಟ್ಟಿತ್ತು. ಅವಳ ಕಣ್ಣು ನಿನ್ನದೇ, ಸಿಟ್ಟು ಬಂದರೆ ರೆಪ್ಪೆ ಬಡಿಯುವುದಿಲ್ಲ. "ಚಿಕ್ಕಮ್ಮ, ಕೆಲ್ಸ ಓದ್ರೆ ಓಗ್ಲಿ. ನಮ್ಮವ್ವ ಹಂಗೆ ಮಾಡಿದ್ಲಾ ಇಲ್ವಾ, ಅದೊಂದ್ ಯೋಳು" ಅಂದಳು. ಇಲ್ಲ ಅಂದೆ. ಅಂದೆ, ಆದರೆ ನನ್ನ ದನಿ ನನಗೇ ಕೇಳಿಸಲಿಲ್ಲ. ನೀನು ಮಾಡಿಲ್ಲ ಅಂದರೆ ಮತ್ತೆ ಯಾರು? ಉಳಿದವಳು ನಾನೊಬ್ಬಳೇ ಅಲ್ಲವಾ? ಮಳವಳ್ಳಿಯವರೆಗೂ ಬಸ್ಸಿನಲ್ಲಿ ಮೂಗು ಮುಟ್ಟಿಕೊಂಡು ಕೂತಿದ್ದೆ. ಇಳಿದವಳು ಮನೆಗೆ ಹೋಗಲಿಲ್ಲ. ನೇರ ಅಕ್ಕಸಾಲಿಗರ ಅಂಗಡಿಗೆ ಹೋಗಿ ಮೂಗುಬೊಟ್ಟನ್ನು ಕತ್ತರಿಸಿ ತೆಗೆಸಿಬಿಟ್ಟೆ. ತೂತು ಮುಚ್ಚಿಕೊಳ್ಳದಿರಲಿ ಅಂತ ಅವರೇ ಒಂದು ಬೇವಿನ ಕಡ್ಡಿ ಸಿಕ್ಕಿಸಿ ಕಳಿಸಿದರು. ಈಗಲೂ ಅದೇ ಕಡ್ಡಿ ಇದೆ. ನೀನು ನೋಡಿದ್ದರೆ ಎಷ್ಟು ನಗುತ್ತಿದ್ದೆಯೋ.

ಕಾರ್ತಿಕ ಮಾಸದ ಒಂದು ಶುಕ್ರವಾರ ಮಾಲೀಕರ ತಾಯಿ, ದುದ್ದ ಊರಿನ ಅಮ್ಮಾರು, ಯಂತ್ರಗಳಿಗೆ ಹೂವು ಏರಿಸಲು ಬಂದರು. ನಾನು ಕಸ ಗುಡಿಸುತ್ತಿದ್ದೆ. ಒಳ್ಳೆಯ ಹೆಂಗಸು, ನಿನಗೂ ಅವರನ್ನು ಕಂಡರೆ ಇಷ್ಟ. ದವಡೆಯ ಮುಂದೆ ಬಗ್ಗಿ, ಸಂದಿಗೊಂದಿ ಎಲ್ಲ ಹುಡುಕುತ್ತಿದ್ದರು. ಏನಮ್ಮಾರೆ ಅಂದೆ. "ಅಯ್ಯೋ, ಮೊಮ್ಮಗಳ ಮದ್ವೆಗೆ ಆಕ್ಕಳನ ಅಂತ ನನ್ ಬಂಗಾರದ ಗುಂಡಿನ ಸರ ತಗುದ್ರೆ, ನಡುವೆ ತೂಗ್ತಿದ್ದ ಒಂದು ಗುಂಡೇ ಇಲ್ಲ ಕಣಮ್ಮಿ. ಆಯುದಪೂಜೆ ದಿನ ಇವ್ನ ಕೊಳ್ಳಿಗೆ ಆಕಿದ್ನಲ್ಲ, ಆವಾಗ್ಲೇ ಬಿದ್ದೋಗದೆ. ಗುಡ್ಸೋವಾಗ ಸಿಕ್ತಾ ನಿಂಗೇನಾರ?" ಅಂದರು.

ಆ ಪೂಜೆಯ ದಿನ ಹೇಗೆ ಮರೆತಿದ್ದೆವು ಅಕ್ಕ ನಾವು? ಅಲ್ಲ, ನೀನು ಮರೆತಿರಲಿಲ್ಲ, ಹೇಳಲು ನೀನಿರಲಿಲ್ಲ. ದವಡೆಗೆ ಅರಿಶಿನ ಕುಂಕುಮ ಹಚ್ಚಿ, ಕುಲುಮೆ ಕೋಣೆಯವರು ಹೊರಗೆ ತಂದ ಮೂಸೆಗಳನ್ನೆಲ್ಲ ಸಾಲಾಗಿ ಇಟ್ಟು, ಒಂದೊಂದರೊಳಗೂ ಸೇವಂತಿಗೆ ಇಟ್ಟಿದ್ದೆವು. ತಕ್ಕಡಿಯ ಗಾಜಿನ ಪೆಟ್ಟಿಗೆಗೂ ವಿಭೂತಿ ಬಳಿದಿದ್ದರು. ಅಮ್ಮಾರು ಕೊರಳಿಂದ ಸರ ತೆಗೆದು ಯಂತ್ರದ ಬಾಯಿಗೆ ಮಾಲೆಯಂತೆ ಇಳಿಬಿಟ್ಟರು. ಬಂಗಾರ ಬೇಡ ಅನ್ನುವ ಬೋರ್ಡಿನ ಕೆಳಗೇ ನಿಂತು! ಆ ಬೋರ್ಡು ಕೂಲಿಯವರಿಗೆ, ದೇವರ ಕೆಲಸಕ್ಕಲ್ಲ ಅಂತ ಎಲ್ಲರಿಗೂ ಅನ್ನಿಸಿರಬೇಕು. ನೀನೊಬ್ಬಳು ಬಾಯಿ ಬಿಟ್ಟೆ. "ಸರ ಬ್ಯಾಡಿ ಅಮ್ಮಾರೆ, ಊವೇ ಸಾಕು ಅವ್ನಿಗೆ" ಅಂದೆ. ಒಂದು ದಿನ ಅವನೂ ಮದುವೆ ಗಂಡಿನ ಹಾಗೆ ಇರಲಿ ಬಿಡು ಅಂತ ಅವರು ನಕ್ಕರು. ಮಂಗಳಾರತಿ ಆಯಿತು, ಶಾಸ್ತ್ರಕ್ಕೆ ಒಂದು ಗಳಿಗೆ ದವಡೆ ತಿರುಗಿಸಿದರು. ಸರ ಗಡಗಡ ಅಲ್ಲಾಡಿತು. ಸಂಜೆ ಅವರು ಬಿಚ್ಚಿಕೊಂಡು ಹೋದರು. ಮಾರನೇ ಬೆಳಿಗ್ಗೆ ನಾವಿಬ್ಬರೂ ಕುಂಕುಮ ಒರೆಸಿ, ಊದಿ, ಬೆಣಚುಕಲ್ಲು ಅರೆದು, ಆ ಚೀಲಗಳನ್ನು ಬಿಚ್ಚಿದೆವು.

ನಾನು ಈ ಸಲ ಮಾಲೀಕರ ಹತ್ತಿರ ಹೋಗಲಿಲ್ಲ. ಅಮ್ಮಾರನ್ನು ಕೈಹಿಡಿದುಕೊಂಡು ಮೇಡಮ್ಮಿನ ಹತ್ತಿರ ಹೋದೆ. ನನ್ನ ಬಾಯಲ್ಲಿ ಮಾತು ಹಿಂದುಮುಂದಾಗಿ ಬಂತು. ಗುಂಡು, ದವಡೆ, ಕೊಂಬು, ಚಟ್ನಿ ಎಲ್ಲ ಕಲಸಿ ಹೇಳಿದೆ. ಮೇಡಮ್ಮು ಪೆನ್ನು ಕೆಳಗಿಟ್ಟರು. ಎದ್ದವರೇ ದವಡೆಯ ಕಬ್ಬಿಣದ ಹಲಗೆ ಬಿಚ್ಚಿಸಿದರು. ಕಣ್ಣಿಗೆ ಏನೂ ಕಾಣಲಿಲ್ಲ. ಆದರೆ ಅವರು ಕೈಬಿಡಲಿಲ್ಲ. ಆ ದಿನ ದವಡೆಯಲ್ಲಿ ಒಡೆದ ಮೇಲೆ ಮಿಕ್ಕ ನುಚ್ಚುಗಲ್ಲನ್ನು ಗೋದಾಮಿನಿಂದ ತರಿಸಿ, ನಾವು ಅರೆದ ಕ್ರಮದಲ್ಲೇ ಇಟ್ಟು, ಮತ್ತೆ ಪುಡಿ ಮಾಡಿಸಿದರು. ಬೇರೆ ಊರಿಂದ ತಂದ ಯಂತ್ರದಲ್ಲಿ. ಸೀಸದ ಪುಡಿ, ಬಿಳಿಗಾರ ಬೆರೆಸಿ, ಹೊಸ ಮೂಸೆಯಲ್ಲಿ ಕಾಯಿಸಿದರು.

ಫಲಿತಾಂಶ ಬಂದ ದಿನ ಮೇಡಮ್ಮು ನನ್ನನ್ನೂ ಒಳಗೆ ಕರೆದರು. ಮಾಲೀಕರು, ಅಮ್ಮಾರು ಇಬ್ಬರೂ ಕೂತಿದ್ದರು. ದವಡೆಗೆ ಮೊದಲು ಬಿದ್ದ ಚೀಲದಲ್ಲಿ ಬಂಗಾರ ಎಲ್ಲಕ್ಕಿಂತ ಜಾಸ್ತಿ, ಆಮೇಲಿನದರಲ್ಲಿ ಕಮ್ಮಿ, ಅದರ ಮುಂದಿನದರಲ್ಲಿ ಇನ್ನೂ ಕಮ್ಮಿ, ಕೊನೆಕೊನೆಗೆ ಇಲ್ಲವೇ ಇಲ್ಲ. ಮಿಕ್ಸಿಯಲ್ಲಿ ಮೆಣಸಿನಕಾಯಿ ಅರೆದ ಮೇಲೆ ಕಾಯಿ ಅರೆದರೆ ಮೊದಲ ಸಲ ಖಾರ ಹತ್ತುತ್ತಲ್ಲ, ಹಾಗೆ ಅಂತ ಅವರೇ ಬಿಡಿಸಿ ಹೇಳಿದರು. ಮೆತ್ತಗಿನ ಬಂಗಾರ, ದವಡೆಯ ಹಲ್ಲಿಗೆ ಸವರಿಕೊಂಡುಬಿಟ್ಟಿದೆ, ಬೆಣಚುಕಲ್ಲಿಗೂ ಪೂರ್ತಿ ಬಿಡಲಿಲ್ಲ. ಕೊರಳಲ್ಲಿ ತೂಗುವ ತಾಳಿಯಿಂದ ಆಗುವ ಕೆಲಸ ಇದಲ್ಲ ಅಂದರು. ಮಾಲೀಕರು ಏನೋ ಹೇಳಲು ಹೋದರು. ಅಮ್ಮಾರು ಬಿಡಲಿಲ್ಲ. "ಸುಮ್ಕಿರೋ. ಮಾಡ್ದೋಳು ನಾನು. ಆ ಮಗಳು ಬ್ಯಾಡಿ ಅಂತ ಬಾಯ್ಬುಟ್ ಯೋಳಿದ್ಲು. ನನ್ ಕೊಳ್ಳಾಗಿರದು ಬಂಗಾರ, ಅವಳ್ ಕೊಳ್ಳಾಗಿದ್ದಿದ್ದು ಅರಿಸ್ನ. ತಪ್ಪು ಯಾರ್ ತಲೆ ಮ್ಯಾಲೆ ಆಕ್ದೆ ನೀನು?" ಅಂದರು. ಅಲ್ಲೇ, ನನ್ನ ಎದುರಿಗೇ, ಪಾರ್ಟಿಗೆ ಬೇರೆ ಕಾಗದ ಹೋಯಿತು. ನಮ್ಮ ಮನೆಯವರ ಒಡವೆ ಯಂತ್ರಕ್ಕೆ ಬಿದ್ದದ್ದು, ಕೆಲಸದವರ ತಪ್ಪಲ್ಲ ಅಂತ. ಮೇಡಮ್ಮು ಕನ್ನಡದಲ್ಲಿ ಓದಿ ಹೇಳಿದರು. ನಾನು ಎರಡು ಸಲ ಓದಿಸಿದೆ.

ಇನ್ನು ನೀನು ಕೇಳದ ಸುದ್ದಿ. ಹೋದ ಸೋಮವಾರದಿಂದ ನಿನ್ನ ಮಗಳು ನನ್ನ ಜೊತೆ ಇದ್ದಾಳೆ. ಅಮ್ಮಾರೇ ನಿಮ್ಮ ಮನೆಗೆ ಹೋಗಿ, ಭಾವನ ಮುಂದೆ, ನಿನ್ನ ಅತ್ತೆಯ ಮುಂದೆ ಆದದ್ದನ್ನೆಲ್ಲ ಹೇಳಿ ಕರೆದುಕೊಂಡು ಬಂದರು. ಬಾಗಿಲಲ್ಲಿ ನಾನು ಅವಳ ಕೈ ನೋಡಿದೆ, ಕೊರಳು ನೋಡಿದೆ. ಓಲೆ ಬಿಚ್ಚಿ ಅಂಗೈಯಲ್ಲಿ ಹಿಡಿದು, ಎಲ್ಲಿಡಲಿ ಅಂದಳು. ನಾನು ಕ್ಯಾರಿಯರು ತೆಗೆದೆ. ನನ್ನ ತಾಳಿಯ ಪಕ್ಕ ಅವಳ ಓಲೆ ಕೂತವು. ಅವಳು ಡಬ್ಬಿ ಮೂಸಿ, ಈ ಸಲ ಅಳಲಿಲ್ಲ. "ಚಿಕ್ಕಮ್ಮ, ಈ ಡಬ್ಬಿ ಮಾತ್ರ ತೊಳೀಬ್ಯಾಡ" ಅಂದಳು. ತೊಳೆಯುವುದಿಲ್ಲ ಅಕ್ಕ. ಇದು ನಿನಗೂ ಕೊಟ್ಟ ಮಾತು.

ಇಷ್ಟಕ್ಕೆ ಮುಗಿಸಬೇಕಿತ್ತು. ನನ್ನ ಹಣೆಬರಹ, ಮುಗಿಯುವುದಿಲ್ಲ. ಆ ಫಲಿತಾಂಶದ ಹಾಳೆಯಲ್ಲಿ ನಡುವೆ ಒಂದು ಚೀಲ ಇದೆ. ಅದರ ಹಿಂದಿನದಕ್ಕಿಂತ ಅದರಲ್ಲಿ ಒಂದು ಚೂರು, ಒಂದೇ ಒಂದು ಚೂರು ಜಾಸ್ತಿ. ನಾನು ಬೆರಳಿಟ್ಟು ತೋರಿಸಿದಾಗ ಮೇಡಮ್ಮು ನಕ್ಕು, ಸವರಿಕೊಂಡದ್ದು ಒಂದೊಂದು ಸಲ ಹೆಚ್ಚು ಕಳಚುತ್ತದೆ, ಹಾಗೇ ಇರುತ್ತದೆ ಭಾಗ್ಯ, ನಿದ್ದೆ ಮಾಡು ಹೋಗು ಅಂದರು. ಅವರು ಓದಿದವರು, ಸರಿಯಾಗೇ ಹೇಳಿರುತ್ತಾರೆ. ಆದರೆ ಆ ಚೀಲ ಅರೆಯುವಾಗ ನನಗೆ ಸೀನು ಬಂದು ಮಾಸ್ಕು ಇಳಿಸಿದ್ದೆನಾ? ಕೈಯಿಂದ ಮೂಗು ಒರೆಸಿಕೊಂಡಿದ್ದೆನಾ? ಆ ಬೆಳಿಗ್ಗೆ ಕುಂಕುಮ ಒರೆಸುವ ಗಡಿಬಿಡಿ. ಬಾಗಿಲಲ್ಲಿ ನೀನು ನನ್ನ ಕಿವಿ ನೋಡಿದ್ದು ನೆನಪಿದೆ, ಕೈ ನೋಡಿದ್ದು ನೆನಪಿದೆ, ಕೊರಳು ನೋಡಿದ್ದೂ ನೆನಪಿದೆ. ಆಮೇಲೆ ನಿನ್ನ ಹೆಬ್ಬೆಟ್ಟು... ಎಷ್ಟು ನೆನೆದರೂ ಅಲ್ಲಿಗೆ ನಿಂತುಹೋಗುತ್ತದೆ. ಇನ್ನೊಂದು ಸಲ ಕನಸಿಗೆ ಬಂದರೆ ತಾಳಿ ಗೀಳಿ ಏನೂ ತರಬೇಡ ಅಕ್ಕ, ಕುಲುಮೆ ಕೋಣೆಗೂ ಹೋಗಬೇಡ. ನಮ್ಮ ಬಾಗಿಲ ಹತ್ತಿರವೇ ನಿಲ್ಲು. ಅವತ್ತು ಬೆಳಿಗ್ಗೆ ನನ್ನ ಮೂಗಿನ ಪಟ್ಟಿಯನ್ನು ಒತ್ತಿದ್ದೆಯೋ ಇಲ್ಲವೋ, ಅದೊಂದನ್ನು ಇನ್ನೊಮ್ಮೆ ನೋಡಿ ಹೇಳು.